ಕೆಲಸದ ಓದು: ಕಾಗದದಲ್ಲೂ ಪರದೆಯಲ್ಲೂ ಹಿಡಿತ ಸಾಧಿಸುವ ಬಗೆ

ನಲವತ್ತು ಪುಟದ ವರದಿಯೊಂದು ಮೇಜಿಗೆ ಬಂದಿದೆ, ಸಭೆಗೆ ಇನ್ನೊಂದೇ ಗಂಟೆ ಇದೆ ಎಂದುಕೊಳ್ಳಿ. ಮೊದಲ ಪುಟದ ಮೊದಲ ಸಾಲಿನಿಂದ ಶುರುಮಾಡಿದರೆ ಅದು ಮುಗಿಯುವುದಿಲ್ಲ. ಮನಶ್ಶಾಸ್ತ್ರಜ್ಞ ಮಾರ್ಕ್ ಬ್ರಿಸ್ಬಾರ್ಟ್ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಕರು ಇಂಗ್ಲಿಷಿನ ಮಾಹಿತಿ ಬರಹವನ್ನು ಮನಸ್ಸಿನಲ್ಲೇ ಓದಿಕೊಳ್ಳುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂದು ಸಿಕ್ಕಿತು. ಪುಟಕ್ಕೆ 450 ಪದ ಎಂದರೂ 40 ಪುಟಕ್ಕೆ 75 ನಿಮಿಷ ಬೇಕು. ಅದೂ ಫೋನು ರಿಂಗಾಗದೆ, ಯಾರೂ ಬಂದು ಮಾತಾಡಿಸದೆ ಇದ್ದರೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳ ಲೆಕ್ಕದಲ್ಲಿ ಈ ಸಂಖ್ಯೆಯನ್ನು ಹಾಗೇ ಹೊಂದಿಸಲಾಗದು, ಆದರೆ ಬೇಕಾಗುವ ಹೊತ್ತಿನ ಅಂದಾಜು ಸಿಗುತ್ತದೆ.

ಹಾಗಾದರೆ ಕಣ್ಣನ್ನು ಇನ್ನಷ್ಟು ವೇಗವಾಗಿ ಓಡಿಸಬೇಕೇ? ಅದರಿಂದ ಪ್ರಯೋಜನವಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುವುದಿಲ್ಲ, ಜಿಗಿಜಿಗಿದು ನಿಲ್ಲುತ್ತದೆ. ಒಂದೊಂದು ನಿಲುಗಡೆಗೂ ಹೆಚ್ಚುಕಡಿಮೆ ಕಾಲು ಸೆಕೆಂಡು ಹಿಡಿಯುತ್ತದೆ. ಅಕ್ಷರ ಸ್ಪಷ್ಟವಾಗಿ ಕಾಣುವುದು ನೋಟದ ನಟ್ಟನಡುವಿನ ಕಿರಿದಾದ ಜಾಗದಲ್ಲಿ ಮಾತ್ರ. ಇಡೀ ಪ್ಯಾರಾವನ್ನು ಒಂದೇ ನೋಟಕ್ಕೆ ಹಿಡಿಯುವುದು ಕಣ್ಣಿನ ರಚನೆಗೇ ಆಗದ ಕೆಲಸ. ಕಣ್ಣು ಆಗಾಗ ಹಿಂದಿನ ಪದಕ್ಕೆ ಮರಳುವುದನ್ನು ಕೆಟ್ಟ ಚಟ ಎನ್ನುವವರಿದ್ದಾರೆ. ನುರಿತ ಓದುಗರ ಕಣ್ಣೂ ಹತ್ತು ಜಿಗಿತಕ್ಕೆ ಒಂದು ಸಲವಾದರೂ ಹಿಂದೆ ಹೋಗುತ್ತದೆ. ಎಲಿಜಬೆತ್ ಶಾಟರ್, ಕೀತ್ ರೇನರ್ ಮತ್ತು ಸಂಗಡಿಗರು 2014ರಲ್ಲಿ ಹೀಗೆ ಹಿಂದೆ ಹೋಗಲು ಬಿಡದೆ ಓದಿಸಿ ನೋಡಿದಾಗ, ಓದಿದ್ದು ಅರ್ಥವಾಗುವುದೇ ಕಡಿಮೆಯಾಯಿತು. ವೇಗದ ಓದಿಗೆಂದು ಪದಗಳನ್ನು ಒಂದೊಂದಾಗಿ ಮಿಂಚಿಸುವ ಆ್ಯಪ್‌ಗಳ ತೊಡಕೂ ಇದೇ.

ಕೆಲಸದ ಓದಿನಲ್ಲಿ ಹೊತ್ತು ಉಳಿಯುವುದು ಯಾವುದನ್ನು ಓದಬಾರದು ಎಂದು ಗಟ್ಟಿಯಾಗಿ ತೀರ್ಮಾನಿಸುವುದರಿಂದ. ಉಳಿದ ಹೊತ್ತನ್ನು ನಿಧಾನವಾಗಿ ಓದಲೇಬೇಕಾದ ನಾಲ್ಕಾರು ಪುಟಗಳಿಗೆ ಸುರಿಯಬೇಕು. ಮುಂದೆ ಹೇಳುವುದೆಲ್ಲ ಈ ಎರಡಕ್ಕೇ ಸಂಬಂಧಿಸಿದ್ದು.

ತೆರೆಯುವ ಮೊದಲು ಒಂದು ಸಾಲು ಬರೆಯಿರಿ

ಕಡತ ತೆರೆಯುವ ಮೊದಲು ಚೀಟಿಯಲ್ಲೋ ಫೈಲಿನ ತಲೆಯಲ್ಲೋ ಒಂದೇ ಸಾಲು: ಇದನ್ನು ಓದಿ ನಾನು ಏನು ಮಾಡಬೇಕಾಗಿದೆ? ‘ವಿಷಯ ತಿಳಿದುಕೊಳ್ಳಲು’ ಎಂದು ಬರೆದರೆ ಅದು ಉತ್ತರವಾಗದು. ‘ಹೊಸ ನಿಯಮ ನಮ್ಮ ವಿಭಾಗಕ್ಕೆ ಯಾವ ತಾರೀಖಿನಿಂದ ಅನ್ವಯ?’, ‘ಮೂರು ಪ್ರಸ್ತಾವಗಳಲ್ಲಿ ನಿರ್ವಹಣೆಯ ಖರ್ಚು ಯಾವುದರಲ್ಲಿ ಕಡಿಮೆ?’, ‘ಯಂತ್ರ ನಿಲ್ಲುವುದಕ್ಕೆ ಕೊಟ್ಟ ಕಾರಣವನ್ನು ಅಂಕಿಅಂಶ ಸಮರ್ಥಿಸುತ್ತದೆಯೇ?’ ಎಂಬಂಥ ಪ್ರಶ್ನೆಯಾಗಿರಬೇಕು. ಪ್ರಶ್ನೆ ಕೈಯಲ್ಲಿದ್ದರೆ ಉತ್ತರವಿಲ್ಲದ ಪುಟವನ್ನು ಧೈರ್ಯವಾಗಿ ಮಗುಚಬಹುದು. ಇಲ್ಲದಿದ್ದರೆ ಪ್ರತಿ ಸಾಲೂ ಮುಖ್ಯವೆನಿಸುತ್ತದೆ, ಕೊನೆಗೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆಯೇ ಹೊಳೆಯದಿದ್ದರೆ, ಕಳಿಸಿದವರನ್ನೇ ಕೇಳಿ: ‘ಇದರಲ್ಲಿ ನನ್ನಿಂದ ಏನು ಬೇಕು, ಯಾವಾಗ ಬೇಕು?’ ಅರ್ಧ ನಿಮಿಷದ ಈ ಮಾತು ಎಷ್ಟೋ ಸಲ ಅರ್ಧ ಗಂಟೆಯ ಓದನ್ನು ಉಳಿಸುತ್ತದೆ.

ಬಂದದ್ದನ್ನೆಲ್ಲ ಬಂದ ಕ್ರಮದಲ್ಲೇ ಓದಲು ಹೋಗಬೇಡಿ. ಬೆಳಗ್ಗೆ ಹತ್ತು ನಿಮಿಷ ವಿಂಗಡಣೆಗೇ ಮೀಸಲಿಡಿ: ಇವತ್ತು ತೀರ್ಮಾನ ಬೇಡುವವು, ಗೊತ್ತಾದ ದಿನದೊಳಗೆ ಓದಬೇಕಾದವು, ಬೇಕಾದಾಗ ಹುಡುಕಿಕೊಳ್ಳಬೇಕಾದವು, ಓದಲೇಬೇಕಿಲ್ಲದವು. ಮೂರನೆಯ ಗುಂಪಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕೈಪಿಡಿ, ದರಪಟ್ಟಿ, ಹಳೆಯ ನಡಾವಳಿ ಇವನ್ನು ಓದಬೇಕಾಗಿಲ್ಲ, ಸಿಗುವಂತೆ ಇಟ್ಟರೆ ಸಾಕು. ಫೈಲಿನ ಹೆಸರನ್ನು ವರ್ಷ, ತಿಂಗಳು, ದಿನ, ವಿಷಯ ಎಂಬ ಕ್ರಮದಲ್ಲಿ ಕೊಡಿ. ಉದಾಹರಣೆಗೆ ‘2025-03-14 ನಿರ್ವಹಣೆ ಕರಾರು’. ಹೀಗಿಟ್ಟರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾರೀಖಿನ ಪ್ರಕಾರವೂ ತಾನಾಗಿ ಜೋಡಣೆಯಾಗುತ್ತದೆ. ‘ಕೊನೆಯದು’, ‘ಹೊಸ ಕೊನೆಯದು’ ಎಂಬ ಹೆಸರುಗಳು ತಪ್ಪು ಪ್ರತಿಯನ್ನು ಓದುವಂತೆ ಮಾಡುತ್ತವೆ.

40 ಪುಟದ ವರದಿಗೆ 40 ನಿಮಿಷ

1. ಮೊದಲ 5 ನಿಮಿಷ ಒಂದು ಸಾಲನ್ನೂ ಪೂರ್ತಿ ಓದಬೇಡಿ. ತಾರೀಖು, ಬರೆದವರು, ಇದು ಕರಡೋ ಅಂತಿಮವೋ, ಪರಿವಿಡಿ, ಅನುಬಂಧಗಳ ಪಟ್ಟಿ ನೋಡಿ. ಆಮೇಲೆ ಪುಟ ಮಗುಚುತ್ತಾ ಶೀರ್ಷಿಕೆ, ಕೋಷ್ಟಕ, ಚಿತ್ರಗಳ ಮೇಲೆ ಕಣ್ಣಾಡಿಸಿ. ಏನು ಎಲ್ಲಿದೆ ಎಂಬ ನಕಾಶೆ ತಲೆಯಲ್ಲಿ ಕೂರಬೇಕು.

2. ಮುಂದಿನ 7 ನಿಮಿಷ ಸಾರಾಂಶ ಮತ್ತು ಶಿಫಾರಸುಗಳಿಗೆ. ಎರಡನ್ನೂ ಒಟ್ಟಿಗೆ ಓದಿ. ಸಾರಾಂಶದಲ್ಲಿ ಇಲ್ಲದ ಶಿಫಾರಸು ಕೊನೆಯಲ್ಲಿದ್ದರೆ, ಅಲ್ಲಿ ಗುರುತು ಹಾಕಿ.

3. ಈಗ ನಿಮ್ಮ ಪ್ರಶ್ನೆಗೆ ಉತ್ತರವಿರುವ ಎರಡು ಅಥವಾ ಮೂರು ಭಾಗಗಳನ್ನು ಆಯ್ದುಕೊಂಡು 18 ನಿಮಿಷ ಸಾಲುಸಾಲಾಗಿ ಓದಿ. ಪೆನ್ಸಿಲ್ ಕೈಯಲ್ಲಿರಲಿ. ಬೇರೆ ಭಾಗಗಳಲ್ಲಿ ಪ್ರತಿ ಪ್ಯಾರಾದ ಮೊದಲ ವಾಕ್ಯ ಸಾಕು.

4. ಸಾರಾಂಶದ ಅತಿ ಮುಖ್ಯ ಹೇಳಿಕೆಯೊಂದನ್ನು ಹಿಡಿದು ಅದು ನಿಂತಿರುವ ಕೋಷ್ಟಕದವರೆಗೆ ಹೋಗಿ, 5 ನಿಮಿಷ. ಸಾರಾಂಶ ಬರೆಯುವವರು ಚೆನ್ನಾಗಿ ಕಾಣುವುದನ್ನು ಮುಂದಿಡುತ್ತಾರೆ, ಷರತ್ತುಗಳು ಒಳಗೇ ಉಳಿಯುತ್ತವೆ. ಒಂದು ಹೇಳಿಕೆಗೆ ಬುಡ ಸಿಗದಿದ್ದರೆ ಉಳಿದವನ್ನೂ ಪರಿಶೀಲಿಸಬೇಕು.

5. ಉಳಿದ 5 ನಿಮಿಷ ವರದಿ ಮುಚ್ಚಿಟ್ಟು ಬರೆಯಿರಿ: ಅದು ಏನು ಹೇಳುತ್ತದೆ, ಯಾವ ಆಧಾರದ ಮೇಲೆ ಹೇಳುತ್ತದೆ, ನಾನೀಗ ಏನು ಮಾಡಬೇಕು.

ಐದನೆಯ ಹೆಜ್ಜೆಯನ್ನು ಬಿಡುವವರೇ ಜಾಸ್ತಿ, ಆದರೆ ನಮ್ಮ ಪ್ರಕಾರ ಐದರಲ್ಲಿ ಅತಿ ಬೆಲೆಯುಳ್ಳದ್ದು ಅದೇ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಾದರು. ಮತ್ತೆ ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ, ಪರಿಚಯವನ್ನೇ ನಾವು ತಿಳಿವು ಎಂದುಕೊಂಡುಬಿಡುತ್ತೇವೆ. ಮುಚ್ಚಿ ಬರೆಯಲು ಕೂತಾಗ ಎಲ್ಲಿ ಬರಿದಾಗಿದೆ ಎಂಬುದು ತಕ್ಷಣ ಗೊತ್ತಾಗುತ್ತದೆ, ಆ ಪುಟಕ್ಕೆ ಮಾತ್ರ ಮರಳಿದರಾಯಿತು.

ಬೇರೆ ಬಗೆಯ ಬರಹಗಳಿಗೆ ಕ್ರಮ ಬೇರೆ. ಸುತ್ತೋಲೆಯಾದರೆ ತಾರೀಖು, ಯಾರಿಗೆ ಅನ್ವಯ, ಯಾವ ಹಳೆಯ ಸುತ್ತೋಲೆಯನ್ನು ರದ್ದುಮಾಡುತ್ತದೆ, ಕೊನೆಯ ದಿನ ಇವನ್ನು ಮೊದಲು ಹುಡುಕಿ, ಪೀಠಿಕೆ ಕೊನೆಗಿರಲಿ. ಸಂಶೋಧನಾ ಪ್ರಬಂಧವಾದರೆ ಸಾರ, ಚಿತ್ರ ಮತ್ತು ಕೋಷ್ಟಕ, ತೀರ್ಮಾನ, ಆಮೇಲೆ ವಿಧಾನ. ಸಭೆಯ ನಡಾವಳಿಯಲ್ಲಿ ಯಾರು, ಏನು, ಯಾವಾಗ ಎಂಬ ಮೂರು ಸಿಕ್ಕರೆ ಉಳಿದದ್ದಕ್ಕೆ ಅವಸರವಿಲ್ಲ.

ಪದಪದವನ್ನೂ ಓದಬೇಕಾದ ಜಾಗ

ಕರಾರು, ಸುರಕ್ಷತಾ ಸೂಚನೆ, ಅರ್ಹತೆಯ ಷರತ್ತು, ಔಷಧದ ಪ್ರಮಾಣ ಇಂಥವುಗಳಲ್ಲಿ ಕಣ್ಣು ಹಾಯಿಸುವ ಓದು ನಡೆಯದು. ಈ ಷರತ್ತನ್ನು ನೋಡಿ:

‘ಸರಕು ತಲುಪಿದ 30 ದಿನಗಳೊಳಗೆ, ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದ ಹೊರತು, ಪೂರ್ಣ ಮೊತ್ತವನ್ನು ಪಾವತಿಸತಕ್ಕದ್ದು.’

ಒಮ್ಮೆ ಓದಿದರೆ ಸಲೀಸಾಗಿದೆ. ಈಗ ಬಿಡಿಸಿ. 30 ದಿನ ಎನ್ನುವುದು ಪಾವತಿಗೋ, ಆಕ್ಷೇಪಕ್ಕೋ? ವಾಕ್ಯ ಎರಡೂ ಕಡೆ ವಾಲುತ್ತದೆ. ‘ತಲುಪಿದ’ ಎಂದರೆ ಸರಕು ಗೇಟಿಗೆ ಬಂದ ದಿನವೋ, ಪರಿಶೀಲಿಸಿ ಒಪ್ಪಿಕೊಂಡ ದಿನವೋ? ರಜಾ ದಿನ ಲೆಕ್ಕಕ್ಕೆ ಬರುತ್ತದೆಯೇ? ಹತ್ತು ಪೆಟ್ಟಿಗೆಯಲ್ಲಿ ಒಂದು ಕೆಟ್ಟಿದೆ ಎಂದು ಆಕ್ಷೇಪಿಸಿದರೆ ಒಂಬತ್ತರ ಹಣವನ್ನೂ ತಡೆಹಿಡಿಯಬಹುದೇ? ಇಮೇಲ್ ಕಳಿಸಿದರೆ ‘ಲಿಖಿತ’ ಆಗುತ್ತದೆಯೇ? ಉತ್ತರಗಳು ಬಹುಶಃ ಮುಂದಿನ ಪುಟಗಳ ‘ವ್ಯಾಖ್ಯೆಗಳು’ ಎಂಬ ಭಾಗದಲ್ಲಿರುತ್ತವೆ. ಅದಕ್ಕೇ ಕರಾರಿನಲ್ಲಿ ವ್ಯಾಖ್ಯೆಗಳನ್ನು ಮೊದಲು ಓದಬೇಕು, ನಂತರ ಗಡುವು, ವಿನಾಯಿತಿ, ದಂಡ, ರದ್ದತಿ, ಅನುಬಂಧ. ಅನುಬಂಧವನ್ನು ಬಿಡಲೇಬೇಡಿ. ಮುಖ್ಯ ಪಠ್ಯ ಒಂದು ಹೇಳಿ ಅನುಬಂಧ ಇನ್ನೊಂದು ಹೇಳಿದರೆ ಯಾವುದು ನಿಲ್ಲುತ್ತದೆ ಎಂಬ ಷರತ್ತೂ ಎಲ್ಲೋ ಇರುತ್ತದೆ, ಹುಡುಕಿ.

ಕನ್ನಡದ ಉದ್ದ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಕೂತಿರುತ್ತದೆ, ಷರತ್ತುಗಳೆಲ್ಲ ಅದರ ಮೊದಲೇ ಸಾಲುಗಟ್ಟಿರುತ್ತವೆ. ಮೂರು ಸಾಲಿನ ವಾಕ್ಯ ಅರ್ಥವಾಗದಿದ್ದರೆ ನೇರ ಕೊನೆಗೆ ಹೋಗಿ ಕ್ರಿಯಾಪದ ಹಿಡಿಯಿರಿ. ಆಮೇಲೆ ಅದನ್ನು ಮಾಡಬೇಕಾದವರು ಯಾರು ಎಂದು ನೋಡಿ. ‘ಆದರೆ’, ‘ಹೊರತು’, ‘ಮೇರೆಗೆ’, ‘ಮಾತ್ರ’, ‘ಅಥವಾ’ ಇದ್ದಲ್ಲೆಲ್ಲ ಒಂದು ಅಡ್ಡಗೆರೆ ಹಾಕಿ ವಾಕ್ಯವನ್ನು ತುಂಡು ಮಾಡಿ. ಕೊನೆಯಲ್ಲಿ ‘ತಕ್ಕದ್ದು’ ಇದ್ದರೆ ಕಡ್ಡಾಯ, ‘ಬಹುದು’ ಇದ್ದರೆ ಐಚ್ಛಿಕ. ದಣಿದ ಕಣ್ಣು ಈ ವ್ಯತ್ಯಾಸವನ್ನೇ ದಾಟಿಹೋಗುತ್ತದೆ. ಇಂಥ ಕಡೆ ತುಟಿ ಅಲುಗಿಸಿ ಓದಿಕೊಂಡರೂ ತಪ್ಪಿಲ್ಲ. ಒಳಗೆ ಕೇಳುವ ದನಿ ಕಷ್ಟದ ವಾಕ್ಯವನ್ನು ಹಿಡಿದಿಡಲು ನೆರವಾಗುತ್ತದೆ.

ಅಂಕಿಗಳಿಗೂ ಇದೇ ಎಚ್ಚರ ಬೇಕು. ದೋಷದ ಪ್ರಮಾಣ ಶೇ 2ರಿಂದ ಶೇ 3ಕ್ಕೆ ಏರಿದರೆ ಒಬ್ಬರು ‘ಒಂದು ಶೇಕಡಾ ಅಂಶ ಏರಿಕೆ’ ಎನ್ನುತ್ತಾರೆ, ಇನ್ನೊಬ್ಬರು ‘ಶೇ 50 ಏರಿಕೆ’ ಎನ್ನುತ್ತಾರೆ, ಎರಡೂ ಸರಿ. ಆದ್ದರಿಂದ ಶೇಕಡಾವಾರು ಕಂಡಲ್ಲೆಲ್ಲ ‘ಯಾವುದರ?’ ಎಂದು ಕೇಳಿ. ಕೋಷ್ಟಕದಲ್ಲಿ ಮೊದಲು ಶೀರ್ಷಿಕೆ, ಆಮೇಲೆ ಅಳತೆಯ ಮಾನ, ಆಮೇಲೆ ಕೆಳಗಿನ ಸಣ್ಣಕ್ಷರದ ಟಿಪ್ಪಣಿ, ಕೊನೆಗೆ ಅಂಕಿ. ಕಂಬಚಿತ್ರದ ಲಂಬರೇಖೆ ಸೊನ್ನೆಯಿಂದ ಶುರುವಾಗಿದೆಯೇ ನೋಡಿ. 90ರಿಂದ ಶುರುವಾದರೆ 92 ಮತ್ತು 96ರ ನಡುವಿನ ಸಣ್ಣ ಅಂತರ ಮೂರು ಪಟ್ಟಿನಂತೆ ಕಾಣುತ್ತದೆ.

ಕಾಗದವೋ ಪರದೆಯೋ

ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ 54 ಅಧ್ಯಯನಗಳನ್ನು, ಅಂದರೆ 1.7 ಲಕ್ಷಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು, ಒಟ್ಟಿಗೆ ವಿಶ್ಲೇಷಿಸಿದರು. ಮಾಹಿತಿ ಬರಹ ಓದುವಾಗ ಮತ್ತು ಹೊತ್ತಿನ ಒತ್ತಡವಿದ್ದಾಗ ಕಾಗದದಲ್ಲಿ ಓದಿದವರ ಗ್ರಹಿಕೆ ಸ್ವಲ್ಪ ಮೇಲಿತ್ತು. ಕಥೆ ಓದುವಾಗ ವ್ಯತ್ಯಾಸ ಕಾಣಲಿಲ್ಲ. ಕೆಲಸದ ಓದು ಬಹುಪಾಲು ಮಾಹಿತಿ ಬರಹ, ಹೊತ್ತಿನ ಒತ್ತಡವಂತೂ ಸದಾ ಇದ್ದದ್ದೇ. ಪರದೆಯಲ್ಲಿ ಓದಿದವರು ತಮಗೆ ಎಷ್ಟು ಅರ್ಥವಾಗಿದೆ ಎಂಬುದನ್ನು ಹೆಚ್ಚಾಗಿ ಅಂದಾಜು ಮಾಡುತ್ತಾರೆ ಎಂಬುದೂ ಬೇರೆ ಪ್ರಯೋಗಗಳಲ್ಲಿ ಕಂಡಿದೆ. ಅರ್ಥವಾಯಿತು ಎನಿಸಿದೊಡನೆ ಓದು ನಿಂತುಬಿಡುತ್ತದೆ.

ಹಾಗೆಂದು ಎಲ್ಲವನ್ನೂ ಮುದ್ರಿಸುವುದು ಬೇಡ. ಸಾಲುಸಾಲಾಗಿ ಓದಬೇಕಾದ ಭಾಗ, ಪಕ್ಕಪಕ್ಕ ಇಟ್ಟು ಹೋಲಿಸಬೇಕಾದ ಎರಡು ಕೋಷ್ಟಕ, ಸಹಿ ಹಾಕಬೇಕಾದ ಪತ್ರ, ಇವು ಕಾಗದಕ್ಕೆ ಸರಿ. ಇಡೀ ಫೈಲಿನ ಬದಲು ಬೇಕಾದ ಪುಟಗಳನ್ನಷ್ಟೇ ಎರಡೂ ಬದಿಗೆ ಮುದ್ರಿಸಿ, ಮೇಲೆ ಮುದ್ರಿಸಿದ ತಾರೀಖು ಬರೆಯಿರಿ. ದಿನದಿನವೂ ತಿದ್ದುಪಡಿಯಾಗುತ್ತಿರುವ ಕರಡನ್ನು ಮುದ್ರಿಸಬೇಡಿ; ನೀವು ಓದುತ್ತಿರುವಾಗಲೇ ಅದು ಹಳತಾಗಿರುತ್ತದೆ. ಎರಡು ಆವೃತ್ತಿಗಳ ನಡುವೆ ಏನು ಬದಲಾಗಿದೆ ಎಂದು ತಿಳಿಯಬೇಕಿದ್ದರೆ ಕಣ್ಣನ್ನು ನಂಬದೆ, ವರ್ಡ್‌ನ ‘ರಿವ್ಯೂ’ ಮೆನುವಿನ ‘ಕಂಪೇರ್’ ಬಳಸಿ. ಒಂದೇ ಒಂದು ‘ಇಲ್ಲ’ ಬಿಟ್ಟುಹೋಗಿದ್ದರೂ ಅದು ತೋರಿಸಿಕೊಡುತ್ತದೆ.

ಕಾಗದದ ಮೇಲೆ ಗೆರೆ ಎಳೆಯುವಾಗ ಒಂದು ಶಿಸ್ತು ಪಾಲಿಸಿ: ಪ್ಯಾರಾ ಮುಗಿಯುವವರೆಗೆ ಪೆನ್ಸಿಲ್ ತಾಗಿಸಬೇಡಿ. ಮೊದಲ ಓದಿನಲ್ಲಿ ಎಲ್ಲವೂ ಮುಖ್ಯವೆನಿಸಿ ಪುಟವೆಲ್ಲ ಹಳದಿಯಾಗುತ್ತದೆ. ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಕಲಿಕೆಯ ಹತ್ತು ವಿಧಾನಗಳನ್ನು ತೂಗಿ ನೋಡಿದಾಗ ಬಣ್ಣ ಬಳಿಯುವುದು, ಗೆರೆ ಎಳೆಯುವುದು, ಸುಮ್ಮನೆ ಮತ್ತೆ ಓದುವುದು ಮೂರೂ ಕಡಿಮೆ ಉಪಯೋಗದ ಸಾಲಿಗೇ ಸೇರಿದವು. ಅಂಚಿನಲ್ಲಿ ಬರೆಯುವ ಗುರುತು ಇದಕ್ಕಿಂತ ಮೇಲು. ನಾಲ್ಕೇ ಸಾಕು: ಅರ್ಥವಾಗದ್ದಕ್ಕೆ ಪ್ರಶ್ನೆ ಚಿಹ್ನೆ, ಬೇರೆಡೆ ಹೇಳಿದ್ದಕ್ಕೆ ವಿರುದ್ಧವಾದದ್ದಕ್ಕೆ ಆಶ್ಚರ್ಯ ಚಿಹ್ನೆ ಮತ್ತು ಆ ಇನ್ನೊಂದು ಪುಟದ ಸಂಖ್ಯೆ, ಪರಿಶೀಲಿಸಬೇಕಾದ ಅಂಕಿಗೆ ಸುತ್ತುಗೆರೆ, ನಾನು ಮಾಡಬೇಕಾದ ಕೆಲಸಕ್ಕೆ ಬಾಣ. ಓದಿ ಮುಗಿದ ಮೇಲೆ ಬಾಣಗಳನ್ನಷ್ಟೇ ಒಂದು ಚೀಟಿಗೆ ಇಳಿಸಿಕೊಳ್ಳಿ.

ಪರದೆಯನ್ನು ಹದಗೊಳಿಸುವುದು

ಅಗಲ ಪರದೆಯ ತುಂಬ ಹರಡಿದ ಸಾಲಿನಲ್ಲಿ ಕಣ್ಣು ಮುಂದಿನ ಸಾಲಿನ ಆರಂಭವನ್ನು ತಪ್ಪಿಸಿಕೊಳ್ಳುತ್ತದೆ. ಕಿಟಕಿಯನ್ನು ಕಿರಿದುಮಾಡಿ, ಕನ್ನಡದಲ್ಲಿ ಸಾಲಿಗೆ ಏಳೆಂಟು ಪದ ಬಂದರೆ ಹಿತ. ಅಕ್ಷರದ ಗಾತ್ರ ಹೆಚ್ಚಿಸಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಒಂದೂವರೆ ಇರಲಿ. ಜಾಲಪುಟವಾದರೆ ವಿಂಡೋಸ್‌ನ ಫೈರ್‌ಫಾಕ್ಸ್‌ನಲ್ಲೂ ಎಡ್ಜ್‌ನಲ್ಲೂ ಎಫ್9 ಕೀಲಿ ಒತ್ತಿ ಓದುವ ನೋಟಕ್ಕೆ ಬದಲಿಸಬಹುದು, ಜಾಹೀರಾತು ಮತ್ತು ಪಕ್ಕದ ಪಟ್ಟಿಗಳು ಮಾಯವಾಗುತ್ತವೆ. ಎಲ್ಲ ಪುಟಗಳಿಗೂ ಇದು ಸಿಗುವುದಿಲ್ಲ.

ಮೌಸಿನ ಗಾಲಿ ತಿರುಗಿಸುತ್ತಾ ಓದಿದರೆ ಸಾಲುಗಳು ಸದಾ ಅಲುಗುತ್ತವೆ, ಯಾವ ಮಾತು ಪುಟದ ಯಾವ ಮೂಲೆಯಲ್ಲಿತ್ತು ಎಂಬ ನೆನಪು ಉಳಿಯದು. ಪಿಡಿಎಫ್ ಅನ್ನು ಒಂದು ಸಲಕ್ಕೆ ಒಂದು ಪುಟ ಕಾಣುವಂತೆ ಇಟ್ಟು ‘ಪೇಜ್ ಡೌನ್’ ಒತ್ತಿ. ಬ್ರೌಸರಿನಲ್ಲಿ ಸ್ಪೇಸ್ ಕೀಲಿ ಒಂದು ಪರದೆಯಷ್ಟು ಮುಂದಕ್ಕೂ, ಶಿಫ್ಟ್ ಜೊತೆಗೆ ಒತ್ತಿದರೆ ಹಿಂದಕ್ಕೂ ಒಯ್ಯುತ್ತದೆ. ಉದ್ದ ಕಡತಕ್ಕೆ ವರ್ಡ್‌ನಲ್ಲಿ ಶೀರ್ಷಿಕೆಗಳನ್ನು ಪಕ್ಕದಲ್ಲಿ ತೋರಿಸುವ ನ್ಯಾವಿಗೇಶನ್ ಪೇನ್, ಪಿಡಿಎಫ್‌ನಲ್ಲಿ ಬುಕ್‌ಮಾರ್ಕ್ ಪಟ್ಟಿ ತೆರೆದಿಡಿ. ಪುಸ್ತಕದ ದಪ್ಪ ಕೈಗೆ ಸಿಗದ ಕೊರತೆಯನ್ನು ಇವು ಸ್ವಲ್ಪ ತುಂಬುತ್ತವೆ.

ಕಂಟ್ರೋಲ್ ಮತ್ತು ಎಫ್ ಒತ್ತಿ ಹುಡುಕುವಾಗ ಪೂರ್ತಿ ಪದ ಕೊಡಬೇಡಿ. ‘ಪಾವತಿ’ ಎಂದರೆ ಪಾವತಿಸು, ಪಾವತಿಯನ್ನು ಎಲ್ಲ ಸಿಗುತ್ತವೆ, ‘ಪಾವತಿಸತಕ್ಕದ್ದು’ ಎಂದರೆ ಒಂದೋ ಎರಡೋ. ಸಮಾನಾರ್ಥಕಗಳನ್ನೂ ಹುಡುಕಿ: ಹಣ, ಮೊತ್ತ, ಶುಲ್ಕ. ಏನೂ ಸಿಗದಿದ್ದರೆ ‘ಇದರಲ್ಲಿ ಇಲ್ಲ’ ಎಂದು ತೀರ್ಮಾನಿಸುವ ಮೊದಲು, ಪುಟದಲ್ಲಿ ಕಣ್ಣಿಗೆ ಕಾಣುವ ಒಂದು ಪದವನ್ನು ಹುಡುಕಿ ನೋಡಿ. ಅದೂ ಸಿಗದಿದ್ದರೆ ಕಡತ ಬರೀ ಸ್ಕ್ಯಾನ್ ಚಿತ್ರವಾಗಿರುತ್ತದೆ ಅಥವಾ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿರುತ್ತದೆ. ಆಗ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡಬೇಕು, ಇಲ್ಲವೇ ಕಣ್ಣಿನಿಂದಲೇ ಹುಡುಕಬೇಕು.

ಪರದೆ ಕಣ್ಣಿನಿಂದ 50ರಿಂದ 70 ಸೆಂಟಿಮೀಟರ್ ದೂರ, ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಗಾಜಿನ ಕೆಳಭಾಗದಿಂದ ನೋಡಲು ಗದ್ದ ಎತ್ತುತ್ತಾರೆ, ಸಂಜೆಗೆ ಕತ್ತು ಹಿಡಿಯುತ್ತದೆ. ಅವರಿಗೆ ಪರದೆ ಇನ್ನೂ ತಗ್ಗಬೇಕು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಸೆಕೆಂಡು ಸುಮಾರು ಆರು ಮೀಟರ್ ಆಚೆ ನೋಡಿ, ಹಾಗೆಯೇ ಬೇಕೆಂದೇ ನಾಲ್ಕಾರು ಸಲ ರೆಪ್ಪೆ ಬಡಿಯಿರಿ.

ಇಮೇಲ್ ಸರಣಿ, ಅಡಚಣೆ, ಯಂತ್ರದ ಸಾರಾಂಶ

ಇಪ್ಪತ್ತು ಉತ್ತರಗಳ ಇಮೇಲ್ ಸರಣಿಯಲ್ಲಿ ಮೊದಲು ಕೊನೆಯದನ್ನು ಓದಿ, ಆಮೇಲೆ ಎಲ್ಲಕ್ಕಿಂತ ಹಳೆಯದನ್ನು. ಪ್ರಶ್ನೆ ಹಳೆಯದರಲ್ಲಿರುತ್ತದೆ, ಈಗಿನ ಸ್ಥಿತಿ ಹೊಸದರಲ್ಲಿ. ನಡುವಿನವನ್ನು ನಿಮ್ಮ ಹೆಸರು ಬಂದಲ್ಲಿ, ಲಗತ್ತು ಇದ್ದಲ್ಲಿ ಮಾತ್ರ ನೋಡಿ. ನಡುವೆ ಯಾರೋ ವಿಷಯವನ್ನೇ ಬದಲಿಸಿರುವುದುಂಟು, ಆದ್ದರಿಂದ ಉತ್ತರಿಸುವ ಮೊದಲು ‘ನಿಮಗೆ ಬೇಕಾದದ್ದು ಇದು ತಾನೇ’ ಎಂದು ಒಂದು ಸಾಲು ಬರೆಯುವುದು ಕ್ಷೇಮ.

ಸಾಲುಸಾಲಾಗಿ ಓದುವ ಹೊತ್ತಿಗೆ ಸೂಚನೆಗಳ ಸದ್ದು, ಪಾಪ್‌ಅಪ್ ಎರಡನ್ನೂ ನಿಲ್ಲಿಸಿ. 25 ನಿಮಿಷ ಯಾರಿಗೂ ಸಿಗದಿದ್ದರೆ ಬಹುತೇಕ ಕೆಲಸಗಳಲ್ಲಿ ಏನೂ ಕೆಡುವುದಿಲ್ಲ. ಆದರೂ ಎದ್ದು ಹೋಗಬೇಕಾಗಿ ಬಂದರೆ, ಏಳುವ ಮೊದಲು ಅಂಚಿನಲ್ಲಿ ‘ಇಲ್ಲಿಯವರೆಗೆ, ಮುಂದೆ ನೋಡಬೇಕಾದ್ದು ದಂಡದ ಷರತ್ತು’ ಎಂಬಂತೆ ಬರೆದಿಡಿ. ಅರ್ಧಕ್ಕೆ ಬಿಟ್ಟ ಕೆಲಸದ ಎಳೆ ಮುಂದಿನ ಕೆಲಸದಲ್ಲೂ ಮನಸ್ಸನ್ನು ಜಗ್ಗುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ತೋರಿಸಿದ್ದಾರೆ. ಮರಳುವ ಜಾಗ ಬರಹದಲ್ಲಿದ್ದರೆ ಆ ಜಗ್ಗಾಟ ತಗ್ಗುತ್ತದೆ.

ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೊಡುವ ಸಾರಾಂಶವನ್ನು ಮೇಲೆ ಹೇಳಿದ ಮೊದಲ ಹೆಜ್ಜೆಗೆ, ಅಂದರೆ ನಕಾಶೆಗೆ ಬಳಸಿ. ಅಂಕಿ, ತಾರೀಖು, ವಿನಾಯಿತಿಗಳಿಗೆ ಅದನ್ನು ನೆಚ್ಚಬೇಡಿ. ‘ಹೊರತು’ ಎಂಬಲ್ಲಿಂದ ಮುಂದಿನದು ಸಾರಾಂಶದಲ್ಲಿ ಸುಲಭವಾಗಿ ಉದುರಿಹೋಗುತ್ತದೆ. ಪ್ರತಿ ಅಂಶಕ್ಕೂ ಪುಟಸಂಖ್ಯೆ ಕೊಡುವಂತೆ ಕೇಳಿ, ನಿಮ್ಮ ತೀರ್ಮಾನಕ್ಕೆ ಆಧಾರವಾಗುವ ಅಂಶಗಳನ್ನು ಆ ಪುಟಕ್ಕೇ ಹೋಗಿ ನೋಡಿ. ಗೋಪ್ಯ ಕಡತವನ್ನು ಹೊರಗಿನ ಸೇವೆಗೆ ಹಾಕುವ ಮೊದಲು ಸಂಸ್ಥೆಯ ನಿಯಮ ತಿಳಿದುಕೊಳ್ಳಿ.

ಇಷ್ಟಾದರೂ ಅರ್ಥವಾಗದ ಸಾಲು ಉಳಿದರೆ ಅದು ಯಾವಾಗಲೂ ಓದುಗರ ತಪ್ಪಲ್ಲ. ಎಷ್ಟೋ ಸಲ ಬರಹವೇ ತೊಡಕಾಗಿರುತ್ತದೆ. ಒಂದೇ ಪ್ಯಾರಾವನ್ನು ಮೂರು ಸಲ ಓದಿದ ಮೇಲೆ ನಾಲ್ಕನೇ ಸಲ ಓದಬೇಡಿ, ಬರೆದವರನ್ನು ಕೇಳಿ. ‘ಅರ್ಥವಾಗಲಿಲ್ಲ’ ಎಂದಷ್ಟೇ ಬರೆದರೆ ಅದೇ ವಾಕ್ಯ ಬೇರೆ ಉಡುಪಿನಲ್ಲಿ ಮರಳಿ ಬರುತ್ತದೆ. ಪುಟ, ಪ್ಯಾರಾ, ನಿಮಗೆ ಹೊಳೆದ ಎರಡು ಅರ್ಥ ಮೂರನ್ನೂ ಕೊಡಿ: ‘ಪುಟ 14, ಎರಡನೇ ಪ್ಯಾರಾ: 30 ದಿನ ಎನ್ನುವುದು ಆಕ್ಷೇಪ ಸಲ್ಲಿಸಲು ಇರುವ ಗಡುವೋ, ಹಣ ಕೊಡಲು ಇರುವ ಗಡುವೋ? ಮೊದಲನೆಯದಾದರೆ ಪಾವತಿಗೆ ಗಡುವು ಎಷ್ಟು?’ ಬಂದ ಉತ್ತರವನ್ನು ಕಡತದ ಜೊತೆಗೇ ಇಡಿ.